ಪಾಳುಬಿದ್ದ ಜಾಗಗಳು ಮತ್ತು ಅವಧಿ ಮೀರಿದ ಶೀಟ್ ಫಿಲ್ಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಲಾರ್ಜ್ ಫಾರ್ಮ್ಯಾಟ್ ಎಂದು ಕರೆಯುವುದು ಯಾವುದನ್ನು?

ಸುರುಳಿಯಾಗಿ ಬಾರದೆ ಬಿಡಿ ಹಾಳೆಗಳಾಗಿ ಬರುವ, 4×5 ಇಂಚು ಅಥವಾ ಅದಕ್ಕಿಂತ ದೊಡ್ಡ ಫಿಲ್ಮನ್ನು ಬಳಸುವ ಕ್ಯಾಮೆರಾಗಳಿಗೆ ಈ ಹೆಸರು. 5×7 ಮತ್ತು 8×10 ಇಂಚಿನ ಹಾಳೆಗಳೂ ಬಳಕೆಯಲ್ಲಿವೆ. 4×5 ಹಾಳೆಯಲ್ಲಿ ಚಿತ್ರ ಮೂಡುವ ಜಾಗ 35 ಮಿ.ಮೀ. ಫಿಲ್ಮಿನ ಒಂದು ಚೌಕಟ್ಟಿಗಿಂತ ಸುಮಾರು 13 ಪಟ್ಟು ದೊಡ್ಡದು. ಆದರೆ ಹಳೆಯ ಫಿಲ್ಮಿನ ವಿಷಯದಲ್ಲಿ ಗಾತ್ರಕ್ಕಿಂತ ಹೆಚ್ಚು ನೆರವಿಗೆ ಬರುವುದು ಹಾಳೆಗಳು ಬಿಡಿಯಾಗಿರುವುದೇ. ಪೆಟ್ಟಿಗೆಯಿಂದ ಒಂದನ್ನು ಮಾತ್ರ ತೆಗೆದು ಪರೀಕ್ಷಿಸಬಹುದು, ಪ್ರತಿಯೊಂದನ್ನೂ ಬೇರೆ ಬೇರೆ ಅವಧಿಗೆ ಡೆವಲಪ್ ಮಾಡಬಹುದು. 36 ಚಿತ್ರಗಳ ಸುರುಳಿಯಲ್ಲಿ ಈ ಅನುಕೂಲವಿಲ್ಲ.

ಪಾಳುಬಿದ್ದ ಕಟ್ಟಡಕ್ಕೆ ಇಷ್ಟು ಭಾರದ ಕ್ಯಾಮೆರಾವನ್ನು ಹೊತ್ತುಕೊಂಡು ಹೋಗುವುದೇಕೆ?

ಅಲ್ಲಿ ಯಾವುದೂ ಅವಸರಪಡಿಸುವುದಿಲ್ಲ ಎಂಬುದು ಮೊದಲ ಕಾರಣ. ಎದ್ದು ಸುರುಟಿಕೊಂಡ ಬಣ್ಣದ ಪದರ, ತುಕ್ಕು ಹಿಡಿದ ತಿಜೋರಿಯ ಮೇಲಿನ ಬೆರಳಗುರುತು, ಮೂಲೆಯಲ್ಲಿ ಬಿದ್ದ ಲೆಕ್ಕದ ಪುಸ್ತಕದ ಸಾಲುಗಳು, ಇವೆಲ್ಲ ಒಂದೇ ಹಾಳೆಯಲ್ಲಿ ಓದಲು ಬರುವಷ್ಟು ಸ್ಪಷ್ಟವಾಗಿ ಉಳಿಯುತ್ತವೆ.

ಎರಡನೆಯದು ಕ್ಯಾಮೆರಾದ ಚಲನೆಗಳು. ಕ್ಯಾಮೆರಾದ ಹಿಂಬದಿಯನ್ನು ನೆಲಕ್ಕೆ ಲಂಬವಾಗಿಟ್ಟು ಲೆನ್ಸನ್ನು ಮಾತ್ರ ಮೇಲಕ್ಕೆತ್ತಿದರೆ ಎತ್ತರದ ಗೋಡೆಗಳು ಒಂದರತ್ತ ಒಂದು ಬಾಗದೆ ನೇರವಾಗಿ ನಿಲ್ಲುತ್ತವೆ. ಶಿಥಿಲ ಕಟ್ಟಡದಲ್ಲಿ ಇದು ಬರಿಯ ಅಂದದ ಪ್ರಶ್ನೆಯಲ್ಲ, ಏಕೆಂದರೆ ಗೋಡೆ ವಾಲಿದ್ದರೆ ವಾಲಿದ್ದು ಗೋಡೆಯೇ ಹೊರತು ಕ್ಯಾಮೆರಾ ಅಲ್ಲ ಎಂಬುದು ನೋಡುಗನಿಗೆ ಖಚಿತವಾಗಬೇಕು. ಹಾಗೆಯೇ ಲೆನ್ಸನ್ನು ಮುಂದಕ್ಕೆ ವಾಲಿಸಿದರೆ, ಆಸ್ಟ್ರಿಯಾದ ಥಿಯೋಡೋರ್ ಶೈಂಫ್ಲೂಗ್ ಅವರ ಹೆಸರಿನಿಂದ ಪ್ರಸಿದ್ಧವಾದ ನಿಯಮದಂತೆ, ಕಾಲಬುಡದ ಗಾಜಿನ ಚೂರಿನಿಂದ ದೂರದ ಬಾಗಿಲ ಹೊಸ್ತಿಲವರೆಗೆ ಇಡೀ ನೆಲವನ್ನು ಒಟ್ಟಿಗೆ ಫೋಕಸಿನಲ್ಲಿ ಹಿಡಿಯಬಹುದು.

ಈ ದಾರಿಯಲ್ಲಿ ನಡೆದವರು ಹಲವರಿದ್ದಾರೆ. ಯೂಜೀನ್ ಅಟ್ಜೆ 18×24 ಸೆಂ.ಮೀ. ಗಾಜಿನ ಫಲಕಗಳಲ್ಲಿ ಹಳೆಯ ಪ್ಯಾರಿಸ್ಸನ್ನು ದಾಖಲಿಸಿದರು. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ ಕಣ್ಮರೆಯಾಗುತ್ತಿದ್ದ ಗಣಿ ಗೋಪುರಗಳನ್ನೂ ನೀರಿನ ಗೋಪುರಗಳನ್ನೂ ಮೋಡ ಮುಸುಕಿದ ಬೆಳಕಿನಲ್ಲಿ ದಶಕಗಳ ಕಾಲ ಚಿತ್ರಿಸಿದರು. ಡೆಟ್ರಾಯಿಟಿನ ಖಾಲಿ ಕಟ್ಟಡಗಳನ್ನು ಫ್ರಾನ್ಸಿನ ಈವ್ ಮಾರ್ಷಾಂ ಮತ್ತು ರೋಮ್ಯಾಂ ಮೆಫ್ರ್ ಜೋಡಿ ಇಂಥದೇ ಕ್ಯಾಮೆರಾದಲ್ಲಿ ಹಿಡಿದಿಟ್ಟಿದೆ.

ಅವಧಿ ಮೀರಿದ ಫಿಲ್ಮಿಗೆ ನಿಜಕ್ಕೂ ಏನಾಗುತ್ತದೆ?

ಎಮಲ್ಷನ್ನಿನಲ್ಲಿರುವ (ಫಿಲ್ಮಿನ ಮೇಲಿನ, ಬೆಳಕಿಗೆ ಸ್ಪಂದಿಸುವ ಲೇಪ) ಬೆಳ್ಳಿಯ ಲವಣದ ಹರಳುಗಳಲ್ಲಿ ಕೆಲವು, ಬೆಳಕನ್ನೇ ಕಾಣದಿದ್ದರೂ, ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರಿನಲ್ಲಿ ಕಪ್ಪಾಗುವ ಸ್ಥಿತಿಗೆ ಬಂದುಬಿಡುತ್ತವೆ. ಇಡೀ ಹಾಳೆಯ ಮೇಲೆ ಹರಡುವ ಈ ತೆಳು ಬೂದುಬಣ್ಣಕ್ಕೆ ಫಾಗ್ ಎನ್ನುತ್ತಾರೆ. ಅದರ ಜೊತೆಗೇ ಫಿಲ್ಮಿನ ವೇಗ, ಎಂದರೆ ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ, ಇಳಿಯುತ್ತದೆ, ಕಾಂಟ್ರಾಸ್ಟ್ ಕುಗ್ಗುತ್ತದೆ. ನೆಗೆಟಿವಿನಲ್ಲಿ ನೆರಳಿನ ಭಾಗ ಎಲ್ಲಕ್ಕಿಂತ ತೆಳುವಾದದ್ದು. ಫಾಗ್ ಮೊದಲು ನುಂಗುವುದೂ ಅದನ್ನೇ. ಪಾಳು ಕಟ್ಟಡದ ಒಳಗೆ ನೋಡುವಂಥದ್ದೆಲ್ಲ ಇರುವುದು ನೆರಳಿನಲ್ಲೇ ಆದ್ದರಿಂದ ಈ ನಷ್ಟ ಇಲ್ಲಿ ಹೆಚ್ಚು ಕಾಡುತ್ತದೆ.

ಕಾರಣಗಳಲ್ಲಿ ಶಾಖ ಮತ್ತು ತೇವ ಮುಖ್ಯವಾದವು. ಮೂರನೆಯದು ವಿಕಿರಣ: ಬಾಹ್ಯಾಕಾಶದಿಂದ ಬರುವ ಕಿರಣಗಳು, ಮಣ್ಣು ಕಲ್ಲುಗಳಿಂದ ಬರುವ ಸಹಜ ವಿಕಿರಣ. ಫಿಲ್ಮ್ ಇದಕ್ಕೆ ಎಷ್ಟು ಸೂಕ್ಷ್ಮವೆಂದರೆ, 1945ರ ಜುಲೈ 16ರಂದು ನ್ಯೂ ಮೆಕ್ಸಿಕೋದಲ್ಲಿ ನಡೆದ ಮೊದಲ ಅಣು ಪರೀಕ್ಷೆಯ ಧೂಳು ದೂರದ ಇಂಡಿಯಾನಾದಲ್ಲಿ ತಯಾರಾಗುತ್ತಿದ್ದ ಹುಲ್ಲಿನ ರಟ್ಟನ್ನು ಸೇರಿ, ಆ ರಟ್ಟಿನ ಜೊತೆ ಪ್ಯಾಕ್ ಮಾಡಿದ ಕೊಡಾಕ್ ಎಕ್ಸ್‌ರೇ ಫಿಲ್ಮ್ ಹಾಳೆಗಳ ಮೇಲೆ ಚುಕ್ಕೆಗಳು ಬಿದ್ದವು. ಏನಾಗಿದೆ ಎಂಬುದನ್ನು ಕಂಪನಿಯ ವಿಜ್ಞಾನಿ ಆ ಕಲೆಗಳ ಬೆನ್ನುಹತ್ತಿಯೇ ಪತ್ತೆಮಾಡಿದರು. ಸೂಕ್ಷ್ಮತೆ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ಆದ್ದರಿಂದ ಐಎಸ್‌ಒ (ಫಿಲ್ಮಿನ ವೇಗದ ಅಳತೆ) 400ರ ಫಿಲ್ಮ್ 100ರ ಫಿಲ್ಮಿಗಿಂತ ಬೇಗ ಮುಪ್ಪಾಗುತ್ತದೆ.

ಫ್ರೀಜರಿನಲ್ಲಿಟ್ಟ ಫಿಲ್ಮ್ ಹೊಸದರಂತೆಯೇ ಇರುತ್ತದೆಯೇ?

ಚಳಿ ರಾಸಾಯನಿಕ ಬದಲಾವಣೆಗಳನ್ನು ಬಹುಪಾಲು ತಡೆಯುತ್ತದೆ, ವಿಕಿರಣವನ್ನು ತಡೆಯುವುದಿಲ್ಲ. ನಿಧಾನ ವೇಗದ ಕಪ್ಪುಬಿಳುಪು ಫಿಲ್ಮ್ ಫ್ರೀಜರಿನಲ್ಲಿ ದಶಕಗಳ ಕಾಲ ಚೆನ್ನಾಗಿಯೇ ಉಳಿಯುತ್ತದೆ. ಹೊರತೆಗೆದ ಪೆಟ್ಟಿಗೆಯನ್ನು ಕೋಣೆಯ ಉಷ್ಣಕ್ಕೆ ಬರುವವರೆಗೆ ಹಲವು ಗಂಟೆ ತೆರೆಯಬಾರದು; ತೆರೆದರೆ ಹಾಳೆಗಳ ಮೇಲೆ ನೀರು ಬೆವರುತ್ತದೆ. ಒಂದು ಎಚ್ಚರಿಕೆ: ಮಾರುವವರು "ಫ್ರೀಜರಿನಲ್ಲಿತ್ತು" ಎಂದು ಹೇಳಿದ ಮಾತ್ರಕ್ಕೆ ಎಷ್ಟು ವರ್ಷ ಇತ್ತು, ಅದಕ್ಕೂ ಮುಂಚೆ ಎಲ್ಲಿತ್ತು ಎಂಬುದು ತಿಳಿದಂತಾಗಲಿಲ್ಲ.

ಯಾವ ಹಳೆಯ ಫಿಲ್ಮನ್ನು ಆರಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು?

ನನ್ನ ಅಭಿಪ್ರಾಯದಲ್ಲಿ ಐಎಸ್‌ಒ 125ರವರೆಗಿನ ಕಪ್ಪುಬಿಳುಪು ಫಿಲ್ಮನ್ನು ಮಾತ್ರ ನೆಚ್ಚಬಹುದು. ಇಲ್ಫೋರ್ಡ್ ಎಫ್‌ಪಿ4, ಕೊಡಾಕ್ ಪ್ಲಸ್‌ಎಕ್ಸ್, ಟಿ‌ಮ್ಯಾಕ್ಸ್ 100 ಮುಂತಾದವು ಈ ಗುಂಪಿಗೆ ಸೇರುತ್ತವೆ. ವೇಗದ ಫಿಲ್ಮಿನ ಪೆಟ್ಟಿಗೆ ಅಗ್ಗವಾಗಿ ಸಿಕ್ಕಿತೆಂದು ಕೊಂಡರೆ ಬಹುತೇಕ ಬೂದಿಯನ್ನೇ ಕೊಂಡಂತೆ.

ಬಣ್ಣದ ಫಿಲ್ಮಿನಲ್ಲಿ ಮೂರು ಪದರಗಳು ಮೂರು ಬಗೆಯಲ್ಲಿ ಮುಪ್ಪಾಗುವುದರಿಂದ ನೆರಳು ಒಂದು ಬಣ್ಣಕ್ಕೂ ಬೆಳಕು ಇನ್ನೊಂದು ಬಣ್ಣಕ್ಕೂ ತಿರುಗುತ್ತದೆ, ಇದನ್ನು ಒಂದೇ ಫಿಲ್ಟರಿನಿಂದ ಸರಿಪಡಿಸಲಾಗದು. ಬಣ್ಣದ ನೆಗೆಟಿವ್ ಪೆಟ್ಟಿಗೆಯ ಮೇಲೆ ಯಾವ ಸಂಸ್ಕರಣೆ ಎಂದು ಬರೆದಿದೆ ಎಂಬುದನ್ನು ತಪ್ಪದೆ ನೋಡಬೇಕು. ಇಂದಿನ ಸಿ41 ಸಂಸ್ಕರಣೆ ಬಂದದ್ದು 1972ರಲ್ಲಿ. ಅದಕ್ಕೂ ಹಿಂದಿನ ಸಿ22 ಫಿಲ್ಮಿನ ಎಮಲ್ಷನ್ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗೆ ತಕ್ಕಂತೆ ತಯಾರಾದದ್ದು, ಸಿ41ರ ಸುಮಾರು 38 ಡಿಗ್ರಿಯ ದ್ರಾವಣದಲ್ಲಿ ಅದು ಮೆತ್ತಗಾಗಿ ಕಳಚಿಕೊಳ್ಳಬಹುದು. ತಕ್ಷಣ ಚಿತ್ರ ಕೊಡುವ ಪೋಲರಾಯ್ಡ್ ಟೈಪ್ 55 ಹಾಳೆಗಳ ತಯಾರಿಕೆ 2008ರಲ್ಲಿ ನಿಂತಿತು. ಉಳಿದ ಪೆಟ್ಟಿಗೆಗಳಲ್ಲಿ ರಾಸಾಯನಿಕದ ಪೊಟ್ಟಣ ಒಣಗಿರುವ ಸಂಭವವೇ ಹೆಚ್ಚು.

ಬಹಳ ಹಳೆಯ ಹಾಳೆಗಳಲ್ಲಿ ಎರಡು ಅಪಾಯಗಳಿವೆ. 1930ರ ದಶಕದ ಅಂತ್ಯದವರೆಗೂ ನೈಟ್ರೇಟ್ ತಳದ ಶೀಟ್ ಫಿಲ್ಮ್ ತಯಾರಾಗುತ್ತಿತ್ತು. ಅದು ಬಹು ಬೇಗ ಹೊತ್ತಿಕೊಳ್ಳುತ್ತದೆ, ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲೂ ಉರಿಯುತ್ತದೆ. ಅಂಚಿನಲ್ಲಿ "ಸೇಫ್ಟಿ" ಎಂಬ ಗುರುತಿಲ್ಲದ, ಆ ಕಾಲದ್ದೆಂದು ತೋರುವ ಪೆಟ್ಟಿಗೆಯನ್ನು ಮನೆಯಲ್ಲಿಟ್ಟು ಪ್ರಯೋಗ ಮಾಡಬಾರದು. ಅಸಿಟೇಟ್ ತಳದ್ದಾದರೆ ಪೆಟ್ಟಿಗೆ ತೆರೆದೊಡನೆ ವಿನಿಗರಿನ ವಾಸನೆ ಬರುತ್ತದೆಯೇ ಎಂದು ಗಮನಿಸಬೇಕು. ಬಂದರೆ ತಳ ಕುಗ್ಗತೊಡಗಿದೆ ಎಂದರ್ಥ, ಅಂಥ ಹಾಳೆ ಹೋಲ್ಡರಿನಲ್ಲಿ (ಹಾಳೆಯನ್ನು ಬೆಳಕು ತಾಗದಂತೆ ಇಟ್ಟು ಕ್ಯಾಮೆರಾಗೆ ಹಾಕುವ ಚೌಕಟ್ಟು) ಚಪ್ಪಟೆಯಾಗಿ ಕೂರುವುದಿಲ್ಲ.

"ಹತ್ತು ವರ್ಷಕ್ಕೆ ಒಂದು ಸ್ಟಾಪ್ ಹೆಚ್ಚು ಬೆಳಕು" ಎಂಬ ಸೂತ್ರ ಸರಿಯೇ?

ಒಂದು ಸ್ಟಾಪ್ ಹೆಚ್ಚು ಎಂದರೆ ಎರಡರಷ್ಟು ಬೆಳಕು. ಯಾವ ಮಾಹಿತಿಯೂ ಇಲ್ಲದಾಗ ಬಣ್ಣದ ನೆಗೆಟಿವಿಗೆ ಆರಂಭದ ಊಹೆಯಾಗಿ ಅದು ಪರವಾಗಿಲ್ಲ. ತಂಪಿನಲ್ಲಿಟ್ಟ ನಿಧಾನ ಕಪ್ಪುಬಿಳುಪು ಫಿಲ್ಮಿಗೆ ಅದು ಅತಿಯಾಗುತ್ತದೆ, ಬಿಸಿಲಿನ ಅಟ್ಟದಲ್ಲಿ ಬಿದ್ದಿದ್ದ ಫಿಲ್ಮಿಗೆ ಸಾಲದು. ಬಿಡಿ ಹಾಳೆಗಳು ಕೈಯಲ್ಲಿರುವಾಗ ಊಹೆಯನ್ನು ನೆಚ್ಚಿಕೊಳ್ಳುವ ಅಗತ್ಯವೇ ಇಲ್ಲ.

ಹಾಗಾದರೆ ಪರೀಕ್ಷಿಸುವುದು ಹೇಗೆ?

ಒಂದು ಪೆಟ್ಟಿಗೆಗೆ ಎರಡು ಹಾಳೆಗಳನ್ನು ಬಲಿ ಕೊಡಲು ಸಿದ್ಧರಾಗಬೇಕು. ಹತ್ತೇ ಹಾಳೆಗಳಿರುವಾಗ ಎರಡನ್ನು ಕಳೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ, ನಿಜ. ಆದರೆ ಪರೀಕ್ಷೆ ಮಾಡದಿದ್ದರೆ ಹತ್ತಕ್ಕೆ ಹತ್ತೂ ಪರೀಕ್ಷೆಯ ಹಾಳೆಗಳೇ ಆಗಿಬಿಡುತ್ತವೆ.

ಮೊದಲ ಹಾಳೆಯನ್ನು ಸಂಪೂರ್ಣ ಕತ್ತಲಲ್ಲಿ ಎರಡು ತುಂಡು ಮಾಡಿ. ಒಂದು ತುಂಡನ್ನು ನೇರವಾಗಿ ಫಿಕ್ಸರಿಗೆ (ಕಪ್ಪಾಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸುವ ದ್ರಾವಣ) ಹಾಕಿ, ಇನ್ನೊಂದನ್ನು ಎಂದಿನಂತೆ ಡೆವಲಪ್ ಮಾಡಿ ಆಮೇಲೆ ಫಿಕ್ಸ್ ಮಾಡಿ. ಮೊದಲನೆಯದರಲ್ಲಿ ಕಾಣುವುದು ತಳದ ಬಣ್ಣ ಮಾತ್ರ, ಎರಡನೆಯದರಲ್ಲಿ ತಳದ ಜೊತೆಗೆ ಫಾಗ್. ಎರಡನ್ನೂ ಅಕ್ಕಪಕ್ಕ ಇಟ್ಟು ಬೆಳಕಿಗೆ ಹಿಡಿದರೆ ಪೆಟ್ಟಿಗೆಯ ಆರೋಗ್ಯ ಕಣ್ಣಿಗೇ ಕಾಣುತ್ತದೆ. ಎರಡನೆಯ ತುಂಡಿನ ಮೂಲಕ ಪುಸ್ತಕದ ಅಕ್ಷರಗಳನ್ನು ಓದಲು ತಿಣುಕಬೇಕಾದರೆ ಆ ಪೆಟ್ಟಿಗೆಯನ್ನು ಅಲ್ಲಿಗೇ ಬಿಡುವುದು ಲೇಸು.

ಎರಡನೆಯ ಹಾಳೆಯನ್ನು ಹೋಲ್ಡರಿಗೆ ತುಂಬಿ, ನೆರಳಿನಲ್ಲಿರುವ ಒರಟು ಗೋಡೆಯನ್ನೂ ಒಂದು ಬಿಳಿ ರಟ್ಟನ್ನೂ ಮುಂದೆ ಮೂಡಲಿರುವ ಐದೂ ಪಟ್ಟಿಗಳಲ್ಲಿ (ಒಂದೊಂದು ಪಟ್ಟಿ ಹಾಳೆಯ ಐದನೇ ಒಂದು ಭಾಗ) ಕಾಣುವಂತೆ ಚೌಕಟ್ಟಿನೊಳಗಿಟ್ಟು, ಪೆಟ್ಟಿಗೆಯ ಮೇಲಿನ ಐಎಸ್‌ಒಗೆ 1/15 ಸೆಕೆಂಡು ಬರುವಂತೆ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬಿಡುವ ಕಿಂಡಿ) ಹೊಂದಿಸಿ. ಹೋಲ್ಡರಿನ ಜಾರುವ ಮುಚ್ಚಳವಾದ ಡಾರ್ಕ್ ಸ್ಲೈಡನ್ನು ಪೂರ್ತಿ ತೆಗೆದು 1/15 ಸೆಕೆಂಡು ಕೊಡಿ. ಸ್ಲೈಡನ್ನು ಐದನೇ ಒಂದು ಭಾಗ ಒಳತಳ್ಳಿ ಮತ್ತೆ 1/15, ಇನ್ನೂ ಒಂದು ಭಾಗ ತಳ್ಳಿ 1/8, ಆಮೇಲೆ 1/4, ಕೊನೆಗೆ 1/2 ಕೊಡಿ. ಒಂದೊಂದು ಪಟ್ಟಿಗೂ ಹಿಂದಿನದಕ್ಕಿಂತ ಎರಡರಷ್ಟು ಬೆಳಕು ಬಿದ್ದಿರುತ್ತದೆ. ಡೆವಲಪ್ ಮಾಡಿದ ಮೇಲೆ ಗೋಡೆಯ ಒರಟುತನ ಫಾಗಿನಿಂದ ಬೇರ್ಪಟ್ಟು ಮೊದಲು ಕಾಣುವ ಪಟ್ಟಿ ಯಾವುದೋ ಅದೇ ನಿಮ್ಮ ಫಿಲ್ಮಿನ ಇಂದಿನ ವೇಗ. ಮೂರನೆಯ ಪಟ್ಟಿಯಾದರೆ 125ರ ಫಿಲ್ಮ್ ಈಗ 32ರದ್ದಾಗಿದೆ. ಅದನ್ನು ಪೆಟ್ಟಿಗೆಯ ಮೇಲೆ ಬರೆದಿಡಿ, ನೆನಪಿಗೆ ಬಿಡಬೇಡಿ.

ಯಾವ ಡೆವಲಪರ್ ಒಳ್ಳೆಯದು?

ಫಾಗನ್ನು ಕಡಿಮೆ ಮೂಡಿಸುವ, ಕಡಿಮೆ ಸಮಯದಲ್ಲಿ ಕೆಲಸ ಮುಗಿಸುವ ಡೆವಲಪರ್. ಕೊಡಾಕ್ ಎಚ್‌ಸಿ110, ಬಿ ಎಂದು ಕರೆಯುವ 1+31 ಪ್ರಮಾಣದಲ್ಲಿ (ಒಂದು ಪಾಲಿಗೆ 31 ಪಾಲು ನೀರು), ಈ ಕೆಲಸಕ್ಕೆ ಬಹಳ ಕಾಲದಿಂದ ಹೆಸರಾಗಿದೆ. ತೀರಾ ತೆಳುವಾದ ದ್ರಾವಣದಲ್ಲಿ ಗಂಟೆಗಟ್ಟಲೆ ಅಲುಗಿಸದೆ ಬಿಡುವ ಪದ್ಧತಿಯನ್ನು ಹಳೆಯ ಫಿಲ್ಮಿಗೆ ಹಲವರು ಸೂಚಿಸುತ್ತಾರೆ. ನಾನು ಸೂಚಿಸುವುದಿಲ್ಲ, ಏಕೆಂದರೆ ಸಮಯ ಬೆಳೆದಷ್ಟೂ ಫಾಗೂ ಬೆಳೆಯುತ್ತದೆ. ಫಾಗ್ ವಿಪರೀತವಿದ್ದರೆ ಬೆಂಜೋಟ್ರಯಜೋಲಿನ ದ್ರಾವಣವನ್ನು ಹನಿ ಲೆಕ್ಕದಲ್ಲಿ ಸೇರಿಸಿ ನೋಡಬಹುದು. ಅದು ಫಾಗನ್ನು ತಡೆಯುವಾಗ ಫಿಲ್ಮಿನ ವೇಗವನ್ನೂ ಸ್ವಲ್ಪ ಕಸಿಯುತ್ತದೆ, ಆದ್ದರಿಂದ ಅದನ್ನು ಬಳಸುವುದಾದರೆ ಮೇಲಿನ ಪರೀಕ್ಷೆಯನ್ನೂ ಅದನ್ನು ಸೇರಿಸಿಯೇ ಮಾಡಿರಬೇಕು.

ಪಾಳು ಕಟ್ಟಡದ ಮಬ್ಬುಗತ್ತಲಲ್ಲಿ ಎಕ್ಸ್‌ಪೋಷರ್ ಲೆಕ್ಕ ಹಾಕುವುದು ಹೇಗೆ?

ಹೆಚ್ಚು ಹಾಳೆಗಳು ಹಾಳಾಗುವುದು ಇಲ್ಲಿಯೇ. ಲೆಕ್ಕದ ಹೆಜ್ಜೆಗಳನ್ನು ಒಂದೇ ಕ್ರಮದಲ್ಲಿ ಇಡಬೇಕು: ಮೊದಲು ಪರೀಕ್ಷೆಯಲ್ಲಿ ಸಿಕ್ಕ ವೇಗ, ಆಮೇಲೆ ಬೆಳಕಿನ ಮೀಟರಿನ ಅಳತೆ, ಆಮೇಲೆ ಬೆಲ್ಲೋಸಿನ (ಲೆನ್ಸಿಗೂ ಫಿಲ್ಮಿಗೂ ನಡುವೆ ಚಾಚಿಕೊಳ್ಳುವ ಮಡಿಕೆಯ ಹೊದಿಕೆ) ವಿಸ್ತಾರ, ಕಟ್ಟಕಡೆಗೆ ದೀರ್ಘ ಎಕ್ಸ್‌ಪೋಷರಿನ ತಿದ್ದುಪಡಿ.

ಉದಾಹರಣೆಗೆ, ಬಾಗಿಲ ಚಿಲಕವೊಂದನ್ನು ಹತ್ತಿರದಿಂದ ಚಿತ್ರಿಸುತ್ತಿದ್ದೀರಿ. 32ರ ವೇಗಕ್ಕೆ ಮೀಟರ್ ಎಫ್/22ರಲ್ಲಿ 20 ಸೆಕೆಂಡು ಹೇಳಿತು. 150 ಮಿ.ಮೀ. ಲೆನ್ಸಿಗೆ ಬೆಲ್ಲೋಸ್ 210 ಮಿ.ಮೀ. ಚಾಚಿದೆ, 210ನ್ನು 150ರಿಂದ ಭಾಗಿಸಿ ವರ್ಗ ಮಾಡಿದರೆ ಹತ್ತಿರ ಹತ್ತಿರ 2, ಅಂದರೆ 40 ಸೆಕೆಂಡು. ಬೆಳಕು ಇಷ್ಟು ಮಂದವಾದಾಗ ಫಿಲ್ಮ್ ಮೀಟರಿನ ಲೆಕ್ಕಕ್ಕೆ ಸ್ಪಂದಿಸುವುದಿಲ್ಲ. ಎಫ್‌ಪಿ4 ಪ್ಲಸ್ ಫಿಲ್ಮಿಗೆ ಇಲ್ಫೋರ್ಡ್ ಕೊಟ್ಟಿರುವ ಸೂತ್ರದಂತೆ ಅಳೆದ ಸಮಯವನ್ನು 1.26ರ ಘಾತಕ್ಕೆ ಏರಿಸಬೇಕು. 40 ಸೆಕೆಂಡು ಸುಮಾರು 104 ಆಗುತ್ತದೆ. ಕೊಡಾಕ್ ಟ್ರೈಎಕ್ಸ್ 320 ಇನ್ನೂ ಹಟಮಾರಿ: 10 ಸೆಕೆಂಡಿಗೆ 50, 100 ಸೆಕೆಂಡಿಗೆ 1200 ಬೇಕೆಂದು ಅದರ ಕೋಷ್ಟಕ ಹೇಳುತ್ತದೆ, ಎಂದರೆ 20 ನಿಮಿಷ. ಇವು ಹೊಸ ಫಿಲ್ಮಿನ ಅಂಕಿಗಳು. ಹಳೆಯದಕ್ಕೆ ಇವನ್ನು ಕನಿಷ್ಠವೆಂದು ತಿಳಿದು ಇನ್ನೂ ಅರ್ಧ ಸ್ಟಾಪ್ ಧಾರಾಳವಾಗಿ ಕೊಡುವುದು ನನ್ನ ರೂಢಿ.

ನೆರಳನ್ನು ಅಳೆದು ಎಂದಿನಂತೆ ಎರಡು ಸ್ಟಾಪ್ ಕಡಿಮೆ ಮಾಡುವವರು ಹಳೆಯ ಫಿಲ್ಮಿನಲ್ಲಿ ಒಂದೇ ಸ್ಟಾಪ್ ಕಡಿಮೆ ಮಾಡಲಿ. ಕಿಟಕಿ ಚೌಕಟ್ಟಿನೊಳಗಿದ್ದರೆ ಬಿಸಿಲಿನ ದಿನವನ್ನು ಬಿಟ್ಟು ಮೋಡದ ದಿನಕ್ಕೆ ಕಾಯುವುದಕ್ಕಿಂತ ಉತ್ತಮ ಉಪಾಯವಿಲ್ಲ.

ಫೋಕಸ್ ನೋಡುವ ಹಿಂಬದಿಯ ಮಸುಕು ಗಾಜಿನಲ್ಲಿ (ಗ್ರೌಂಡ್ ಗ್ಲಾಸ್) ಏನೂ ಕಾಣದಷ್ಟು ಕತ್ತಲಿದ್ದರೆ?

ಸ್ಪಷ್ಟವಾಗಿರಬೇಕಾದ ಅತಿ ಹತ್ತಿರದ ಜಾಗದಲ್ಲಿ ಒಂದು, ಅತಿ ದೂರದ ಜಾಗದಲ್ಲಿ ಇನ್ನೊಂದು, ಹೀಗೆ ಎರಡು ಸಣ್ಣ ಟಾರ್ಚುಗಳನ್ನು ಕ್ಯಾಮೆರಾದ ಕಡೆಗೆ ಮುಖ ಮಾಡಿಟ್ಟು ಆ ಬೆಳಕಿನ ಬಿಂದುಗಳಿಗೆ ಫೋಕಸ್ ಮಾಡಿ. ಎಕ್ಸ್‌ಪೋಷರಿಗೆ ಮುಂಚೆ ಅವನ್ನು ತೆಗೆಯಲು ಮರೆಯದಿರುವುದೇ ಕಷ್ಟದ ಭಾಗ.

ಧೂಳಿನಿಂದ ಫಿಲ್ಮನ್ನು ಕಾಪಾಡುವುದು ಹೇಗೆ?

ಹಾಳೆಯ ಮೇಲೆ ಕುಳಿತ ಧೂಳು ಬೆಳಕನ್ನು ತಡೆಯುವುದರಿಂದ ನೆಗೆಟಿವಿನಲ್ಲಿ ಪಾರದರ್ಶಕ ಚುಕ್ಕೆಯೂ ಪ್ರಿಂಟಿನಲ್ಲಿ ಕಪ್ಪು ಚುಕ್ಕೆಯೂ ಮೂಡುತ್ತದೆ. ಪ್ರಿಂಟಿನಲ್ಲಿ ಬಿಳಿ ಚುಕ್ಕೆಯನ್ನು ಮುಚ್ಚುವುದು ಸುಲಭ, ಕಪ್ಪನ್ನು ಅಳಿಸುವುದು ಕಷ್ಟ. ಹೋಲ್ಡರುಗಳನ್ನು ಮನೆಯಲ್ಲೇ ತುಂಬಿ, ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಕ್ಯಾಮೆರಾಗೆ ಹಾಕುವ ಕ್ಷಣದವರೆಗೂ ಹೊರತೆಗೆಯಬೇಡಿ. ಡಾರ್ಕ್ ಸ್ಲೈಡನ್ನು ಎಳೆಯುವ ಮುಂಚೆ ಅದರ ಅಂಚನ್ನು ಒರೆಸಿ, ನಿಧಾನವಾಗಿ ಎಳೆಯಿರಿ. ಹಳೆಯ ಬೆಲ್ಲೋಸಿನ ಮೂಲೆಗಳಲ್ಲಿ ಸೂಜಿಮೊನೆಯಷ್ಟು ತೂತುಗಳಿರುತ್ತವೆ. ಕತ್ತಲ ಕೋಣೆಯಲ್ಲಿ ಒಳಗಿನಿಂದ ಟಾರ್ಚ್ ಹಿಡಿದು ಅವನ್ನು ಪತ್ತೆಮಾಡದಿದ್ದರೆ, ಬೆಲ್ಲೋಸಿನ ತಪ್ಪನ್ನು ಫಿಲ್ಮಿನ ಮುಪ್ಪಿನ ಮೇಲೆ ಹೊರಿಸುತ್ತಾ ವರ್ಷಗಳೇ ಕಳೆಯಬಹುದು. ನಾನು ಒಂದು ಇಡೀ ಚಳಿಗಾಲ ಹಾಗೆ ಕಳೆದಿದ್ದೇನೆ.

ಹಾಳೆಯ ಅಂಚುಗಳು ಮಾತ್ರ ಹೆಚ್ಚು ಕಪ್ಪಾಗಿರುವುದೇಕೆ?

ಪೆಟ್ಟಿಗೆಯೊಳಗೆ ಒತ್ತಾಗಿ ಜೋಡಿಸಿದ ಹಾಳೆಗಳ ನಡುಭಾಗಕ್ಕೆ ಗಾಳಿಯೂ ತೇವವೂ ಸುಲಭವಾಗಿ ತಲುಪುವುದಿಲ್ಲ, ಅಂಚಿಗೆ ತಲುಪುತ್ತವೆ. ಪರೀಕ್ಷೆಯಲ್ಲಿ ಇದು ಕಂಡರೆ ಮುಖ್ಯವಾದ ಯಾವುದನ್ನೂ ಅಂಚಿನ ಒಂದು ಸೆಂಟಿಮೀಟರಿನೊಳಗೆ ಬಾರದಂತೆ ಚೌಕಟ್ಟನ್ನು ಕಟ್ಟಿಕೊಳ್ಳಿ.

ಹಳೆಯ ಫಿಲ್ಮಿನ ಕಲೆಗಳು ಪಾಳು ಕಟ್ಟಡಕ್ಕೆ ಹೊಂದುತ್ತವೆ ಎನ್ನುತ್ತಾರಲ್ಲ?

ಈ ಮಾತಿಗೆ ನನ್ನ ತಕರಾರಿದೆ. ಗೋಡೆಯ ಮೇಲೆ ಮಳೆನೀರು ಬಿಟ್ಟ ಕಲೆ ಆ ಕಟ್ಟಡದ ಚರಿತ್ರೆ. ಫಿಲ್ಮಿನ ಕಲೆ ಯಾವುದೋ ಗೋದಾಮಿನ ಚರಿತ್ರೆ. ಎರಡೂ ಒಂದರ ಮೇಲೊಂದು ಬಿದ್ದಾಗ ನೋಡುಗನಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ, ಆಗ ಚಿತ್ರ ಕಟ್ಟಡದ ಬಗ್ಗೆ ಹೇಳುವುದು ಕಡಿಮೆಯಾಗುತ್ತದೆ. ಮುಪ್ಪಾದ ಫಿಲ್ಮಿನ ದೀರ್ಘ ಬೂದು ಛಾಯೆಗಳನ್ನು ನಾನೂ ಮೆಚ್ಚುತ್ತೇನೆ, ಆದರೆ ಅದು ಪರೀಕ್ಷೆ ಮಾಡಿ, ತಿಳಿದು, ಆರಿಸಿಕೊಂಡದ್ದಾಗಿರಬೇಕು.

ಹಾಗಾಗಿ ನಾನು ಪಾಲಿಸುವ ಕ್ರಮ ಹೀಗಿದೆ: ಒಂದು ಹೋಲ್ಡರಿಗೆ ಎರಡು ಬದಿಗಳಿರುವುದರಿಂದ ಒಂದು ಬದಿಗೆ ಹೊಸ ಹಾಳೆ, ಇನ್ನೊಂದಕ್ಕೆ ಹಳೆಯ ಹಾಳೆ. ಮೊದಲು ಹೊಸದರಲ್ಲಿ ತೆಗೆದು ಆಮೇಲೆ ಹಳೆಯದಕ್ಕೆ ತಿರುಗಿಸುತ್ತೇನೆ. ಮುಂದಿನ ಸಲ ಹೋಗುವಷ್ಟರಲ್ಲಿ ಆ ಚಾವಣಿ ಇರುತ್ತದೆಂಬ ಭರವಸೆ ಯಾರಿಗೂ ಇಲ್ಲ.

ಒಳಹೋಗಲು ಅನುಮತಿ ಬೇಕೇ?

ಬೇಕು. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ. ಬಾಗಿಲಿಲ್ಲದ ಮನೆಗೂ ಮಾಲೀಕರಿರುತ್ತಾರೆ. ಟ್ರೈಪಾಡ್ ಹಾಕಿ ಒಂದು ಚಿತ್ರಕ್ಕೆ ಅರ್ಧ ಗಂಟೆ ನಿಲ್ಲುವ ಕೆಲಸವನ್ನು ಕದ್ದು ಮಾಡಲೂ ಆಗದು. ಹೆಸರುವಾಸಿಯಾದ ಜಾಗಗಳಲ್ಲಿ ನಿಯಮಗಳು ಸ್ಪಷ್ಟವಾಗಿವೆ. ನಮೀಬಿಯಾದ ಕೋಲ್ಮನ್ಸ್‌ಕಾಪ್ ಎಂಬ ವಜ್ರದ ಗಣಿಯೂರನ್ನು ಕೊನೆಯ ನಿವಾಸಿಗಳು 1956ರಲ್ಲಿ ಬಿಟ್ಟರು. ಮರಳು ತುಂಬಿದ ಅದರ ಕೋಣೆಗಳಿಗೆ ಪರವಾನಗಿ ಪಡೆದು ಹೋಗಬೇಕು. ಜಪಾನಿನ ಹಾಶಿಮಾ ದ್ವೀಪದ ಕಲ್ಲಿದ್ದಲ ಗಣಿ 1974ರಲ್ಲಿ ಮುಚ್ಚಿತು; 2009ರಿಂದ ಪ್ರವಾಸಿಗರನ್ನು ಬಿಡುತ್ತಿದ್ದರೂ ಗೊತ್ತುಪಡಿಸಿದ ಹಾದಿಯಲ್ಲಿ ಮಾತ್ರ. ಕ್ಯಾಲಿಫೋರ್ನಿಯಾದ ಬೋಡಿ ಊರು 1962ರಿಂದ ರಾಜ್ಯದ ಉದ್ಯಾನವಾಗಿದೆ, ಅಲ್ಲಿನ ಮನೆಗಳನ್ನು ಹೊಸದಾಗಿಸದೆ ಇರುವ ಶಿಥಿಲ ಸ್ಥಿತಿಯಲ್ಲೇ ಕಾಪಾಡಲಾಗುತ್ತಿದೆ.

ಒಳಗಿನ ಯಾವ ವಸ್ತುವನ್ನೂ ಕೊಂಡೊಯ್ಯಬಾರದು, ಚೌಕಟ್ಟಿಗೆ ಚೆಂದವೆಂದು ಕುರ್ಚಿಯೊಂದನ್ನು ಸರಿಸಲೂಬಾರದು. ಕಾವಲಿಲ್ಲದ ಜಾಗದ ವಿಳಾಸವನ್ನು ಚಿತ್ರದ ಜೊತೆ ಪ್ರಕಟಿಸಿದರೆ ಹಿಂದೆಯೇ ತಾಮ್ರದ ತಂತಿ ಕೀಳುವವರೂ ಬರುತ್ತಾರೆ.

ಈ ಬಗೆಯ ಕ್ಯಾಮೆರಾ ಬಳಸುವವರಿಗೆ ವಿಶೇಷವಾದ ಅಪಾಯಗಳಿವೆಯೇ?

ಕಪ್ಪು ಬಟ್ಟೆಯೊಳಗೆ ತಲೆ ಹಾಕಿದವನಿಗೆ ಸುತ್ತಲಿನದು ಕಾಣುವುದಿಲ್ಲ, ಚೌಕಟ್ಟು ಸಾಲದೆಂದು ಹಿಂದಕ್ಕೆ ಹೆಜ್ಜೆಯಿಡುವುದೂ ಆಗಲೇ. ಟ್ರೈಪಾಡ್ ಹಾಕುವ ಮುಂಚೆ ಹಿಂದಿನ ನಾಲ್ಕು ಹೆಜ್ಜೆ ನೆಲವನ್ನು ಕಾಲಿನಿಂದ ತಟ್ಟಿ ನೋಡಿಕೊಳ್ಳಬೇಕು. ಮರದ ಹಲಗೆಯ ನೆಲದಲ್ಲಿ ಎಕ್ಸ್‌ಪೋಷರ್ ಮುಗಿಯುವವರೆಗೆ ಯಾರೂ ಕದಲಬಾರದು. ನಿಮ್ಮ ಒಂದು ಹೆಜ್ಜೆಗೆ ಕ್ಯಾಮೆರಾ ನಡುಗುತ್ತದೆ.

ಉಳಿದ ಅಪಾಯಗಳು ಎಲ್ಲರಿಗೂ ಸಮಾನ. ಹಳೆಯ ಕಟ್ಟಡಗಳ ಚಾವಣಿ ಮತ್ತು ಕೊಳವೆಯ ಹೊದಿಕೆಯಲ್ಲಿ ಆಸ್ಬೆಸ್ಟಾಸ್ ಇರಬಹುದು, ಬಾವಲಿ ಮತ್ತು ಹಕ್ಕಿಗಳ ಹಿಕ್ಕೆಯಲ್ಲಿ ಶ್ವಾಸಕೋಶಕ್ಕೆ ತಗಲುವ ಹಿಸ್ಟೋಪ್ಲಾಸ್ಮಾ ಎಂಬ ಶಿಲೀಂಧ್ರ ಬೆಳೆಯಬಹುದು. ಬಟ್ಟೆಯ ಮುಖಗವಸು ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ ಫಿಲ್ಟರ್ ಇರುವ ಮಾಸ್ಕ್ ಬೇಕು. ಮುಚ್ಚಿದ ನೆಲಮಾಳಿಗೆಗೆ ಇಳಿಯಲೇಬಾರದು, ಒಬ್ಬರೇ ಹೋಗಲೂಬಾರದು.

ವಿಮಾನದಲ್ಲಿ ಕೊಂಡೊಯ್ಯುವಾಗ?

ವಿಮಾನ ನಿಲ್ದಾಣದ ತಪಾಸಣೆಯ ಹೊಸ ಸಿ.ಟಿ. (ಎಕ್ಸ್‌ರೇ) ಸ್ಕ್ಯಾನರುಗಳು ಫಿಲ್ಮನ್ನು ಕೆಡಿಸುತ್ತವೆ, ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಿದರೂ ಅದೇ ಗತಿ. ಕೈಯಿಂದ ತಪಾಸಣೆ ಮಾಡಲು ಮೊದಲೇ ಕೇಳಿಕೊಳ್ಳಿ. ಶೀಟ್ ಫಿಲ್ಮಿನ ಪೆಟ್ಟಿಗೆಯನ್ನು ಬೆಳಕಿನಲ್ಲಿ ತೆರೆದರೆ ಎಲ್ಲವೂ ಮುಗಿಯುವುದರಿಂದ ಮುಚ್ಚಳದ ಮೇಲೆ ಅದನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿರಬೇಕು.

ಸೆಕೆಂಡ್ ಹ್ಯಾಂಡ್ ಹೋಲ್ಡರಿನಲ್ಲಿ ಯಾರೋ ತೆಗೆದ ಹಾಳೆ ಸಿಕ್ಕಿದರೆ ಏನು ಮಾಡಬೇಕು?

ಡಾರ್ಕ್ ಸ್ಲೈಡಿನ ಹಿಡಿಯಲ್ಲಿ ಕಪ್ಪು ಬದಿ ಹೊರಗಿದ್ದರೆ ಒಳಗಿನ ಹಾಳೆ ಬೆಳಕು ಕಂಡಿದೆ, ಬಿಳಿ ಬದಿ ಹೊರಗಿದ್ದರೆ ಕಂಡಿಲ್ಲ ಎಂಬುದು ರೂಢಿ. ಕೊಂಡ ಹೋಲ್ಡರನ್ನು ಮೊದಲ ಸಲ ಕತ್ತಲಲ್ಲೇ ತೆರೆದು ಬೆರಳಿನಿಂದ ತಡವಿ ನೋಡಿ. ಹಾಳೆ ಸಿಕ್ಕಿದರೆ, ಕಿರಿದಾದ ಅಂಚು ಮೇಲಿದ್ದು ಗುರುತಿನ ಕಚ್ಚು ಬಲ ಮೇಲ್ತುದಿಯಲ್ಲಿರುವಂತೆ ಹಿಡಿದಾಗ ಎಮಲ್ಷನ್ ನಿಮ್ಮ ಕಡೆಗಿರುತ್ತದೆ. ಕಚ್ಚಿನ ಆಕಾರದಿಂದ ಫಿಲ್ಮಿನ ಜಾತಿಯನ್ನೂ ಎಷ್ಟೋ ಸಲ ಗುರುತಿಸಬಹುದು. ಬೆಳಕು ಬಿದ್ದ ಮೇಲೆ ಡೆವಲಪ್ ಮಾಡದೆ ಇಟ್ಟ ಚಿತ್ರ ವರ್ಷಗಳಲ್ಲಿ ಮಸುಕಾಗುತ್ತಾ ಹೋಗುತ್ತದೆ, ಆದ್ದರಿಂದ ನಿಮ್ಮ ಹಾಳೆಗಳನ್ನು ತಿಂಗಳೊಳಗೆ ಡೆವಲಪ್ ಮಾಡಿ. ಬೇರೆಯವರದನ್ನು, ಅದು ಕಪ್ಪುಬಿಳುಪೆಂದು ಖಚಿತವಾದರೆ, ಎಚ್‌ಸಿ110ರಲ್ಲಿ 20 ಡಿಗ್ರಿಯಲ್ಲಿ, ಸ್ವಲ್ಪ ಬೆಂಜೋಟ್ರಯಜೋಲ್ ಸೇರಿಸಿ, ಅದೊಂದನ್ನೇ ಬೇರೆಯಾಗಿ ಡೆವಲಪ್ ಮಾಡಿ.